‘ನಿಮಗೆ ಗೊತ್ತೇ?’ ವಿಭಾಗಕ್ಕೆ ‘ನನೂಕ್ ಆಫ್ ದ ನಾರ್ತ್’: ಯಾವ ಸಂಗತಿ ಹಾಕೋಣ?

ಓದುಗಣ್ಣು:

ಗೆಳೆಯರೇ, ‘ನನೂಕ್ ಆಫ್ ದ ನಾರ್ತ್’ ಲೇಖನವನ್ನು ಒಂದು ವಾರ ಕೂತು ಬೆಳೆಸಿದ್ದೇನೆ. ಮೊದಲು ನಾಲ್ಕೇ ಸಾಲು ಇತ್ತು. ಈಗ ಚಿತ್ರೀಕರಣ, ಬಿಡುಗಡೆ, ವಿವಾದ ಎಲ್ಲಕ್ಕೂ ಬೇರೆ ಬೇರೆ ಭಾಗಗಳಿವೆ. ಹಳೆಯದರ ಐದು ಪಟ್ಟಿಗಿಂತ ಜಾಸ್ತಿಯೇ ಆಗಿದೆ, ಹಾಗಾಗಿ ನಮ್ಮ ವಿಕಿಪೀಡಿಯದ ಮುಖಪುಟದ ‘ನಿಮಗೆ ಗೊತ್ತೇ?’ ವಿಭಾಗಕ್ಕೆ ಕೊಡಬಹುದು ಅಂದುಕೊಂಡಿದ್ದೇನೆ.

ಚಿತ್ರ ನೋಡದವರಿಗೆ ಎರಡು ಮಾತು. ರಾಬರ್ಟ್ ಫ್ಲಾಹರ್ಟಿ 1920ರ ಆಗಸ್ಟ್‌ನಿಂದ ಒಂದು ವರ್ಷ ಕೆನಡಾದ ಹಡ್ಸನ್ ಕೊಲ್ಲಿಯ ಪೂರ್ವ ದಡದ ಇನುಕ್‌ಜುವಾಕ್‌ನಲ್ಲಿ ಇದ್ದು, ಅಲ್ಲಿನ ಇನುಯಿಟ್ ಜನರ ಜೊತೆ ಈ ಮೂಕಿ ಚಿತ್ರ ತೆಗೆದರು. ಹಣ ಕೊಟ್ಟದ್ದು ರೆವಿಲ್ಯೋನ್ ಫ್ರೇರ್ ಎಂಬ ತುಪ್ಪಳದ ವ್ಯಾಪಾರದ ಕಂಪನಿ. 1922ರ ಜೂನ್ 11ರಂದು ನ್ಯೂಯಾರ್ಕ್‌ನಲ್ಲಿ ಬಿಡುಗಡೆ ಆಯಿತು. ನನೂಕ್ ಎಂಬ ಬೇಟೆಗಾರ, ಅವನ ಮನೆಮಂದಿ, ಹಿಮ, ನಾಯಿಗಳು, ಹಸಿವು. ಇಷ್ಟೇ ಕಥೆ. ಆದರೆ ನೋಡಿದವರು ಮರೆಯುವುದಿಲ್ಲ.

ನನ್ನ ಮೊದಲ ಹುಕ್ (ಓದುಗರನ್ನು ಲೇಖನಕ್ಕೆ ಸೆಳೆಯುವ ಒಂದು ಸಾಲು) ಇದು: ‘ನನೂಕ್ ಆಫ್ ದ ನಾರ್ತ್ ಚಿತ್ರದ ನಾಯಕ, ಚಿತ್ರೀಕರಣ ಮುಗಿದ ಎರಡು ವರ್ಷದೊಳಗೆ ಹಸಿವಿನಿಂದ ಸತ್ತ ಎಂಬುದು ನಿಮಗೆ ಗೊತ್ತೇ?’ ಓದಿದ ಕೂಡಲೇ ಎದೆಗೆ ನಾಟುತ್ತದೆ ಅನಿಸಿತು. ನಿಮ್ಮ ಅಭಿಪ್ರಾಯ ಹೇಳಿ.

ಅಡಿಟಿಪ್ಪಣಿ:

ನಾನು ಪರಿಶೀಲನೆ ಮಾಡುತ್ತೇನೆ. ಲೇಖನ ಓದಿದೆ, ಚೆನ್ನಾಗಿ ಬಂದಿದೆ. ಉದ್ದ ಸಾಕು, ಪ್ರತಿ ಪ್ಯಾರಾಗೂ ಉಲ್ಲೇಖ ಇದೆ, ಎಲ್ಲಿಂದಲೂ ನಕಲು ಮಾಡಿದ ವಾಕ್ಯ ಕಾಣಲಿಲ್ಲ. ಆದರೆ ಹುಕ್ ಒಪ್ಪಲು ಆಗುತ್ತಿಲ್ಲ. ನಿಮ್ಮ ಲೇಖನದ ‘ನಂತರದ ಬದುಕು’ ಭಾಗದಲ್ಲಿ ನೀವೇ ಬರೆದಿದ್ದೀರಿ: ಹಸಿವಿನ ಸಾವು ಫ್ಲಾಹರ್ಟಿ ಹೇಳಿದ ಮಾತು, ಆ ಬೇಟೆಗಾರ ಮನೆಯಲ್ಲೇ, ಬಹುಶಃ ಕ್ಷಯದಿಂದ ತೀರಿಕೊಂಡರು ಅಂತ ಆಮೇಲೆ ಬರೆದವರು ಹೇಳುತ್ತಾರೆ. ಲೇಖನ ಒಂದು ಹೇಳಿ, ಹುಕ್ ಇನ್ನೊಂದು ಹೇಳಿದರೆ ಹೇಗೆ?

ಓದುಗಣ್ಣು:

ಅದು ನಿಜ. ಚಿತ್ರದ ಮೊದಲಲ್ಲಿ ಬರುವ ಬರಹದಲ್ಲೇ ಫ್ಲಾಹರ್ಟಿ ಹಾಗೆ ಹೇಳಿದ್ದಾರೆ, ಜಿಂಕೆ ಸಿಗಬಹುದು ಅಂತ ಒಳನಾಡಿಗೆ ಹೋಗಿ ಹಸಿವಿನಿಂದ ಸತ್ತ ಅಂತ. ಹೆಚ್ಚಿನ ಪುಸ್ತಕಗಳು ಅದನ್ನೇ ಎತ್ತಿಕೊಂಡಿವೆ. ‘ಸತ್ತ ಎಂದು ನಿರ್ದೇಶಕರು ಹೇಳಿದರು’ ಅಂತ ತಿದ್ದಿದರೆ?

ಅಡಿಟಿಪ್ಪಣಿ:

ಆಗ ತಪ್ಪು ಇರುವುದಿಲ್ಲ, ಆದರೆ ಓದುವವರ ತಲೆಯಲ್ಲಿ ಉಳಿಯುವುದು ಹಸಿವಿನಿಂದ ಸತ್ತ ಅನ್ನುವುದು ಮಾತ್ರ. ಹುಕ್ ಓದುವ ಹೆಚ್ಚಿನ ಜನ ಲೇಖನ ತೆರೆಯುವುದೇ ಇಲ್ಲ. ಅವರಿಗೆ ನಾವು ಕೊಡುವುದು ಆ ಒಂದೇ ಸಾಲು. ಆ ಸಾಲು ತಾನೇ ತಾನಾಗಿ ನಿಜ ಇರಬೇಕು. ಒಬ್ಬ ಮನುಷ್ಯನ ಸಾವಿನ ವಿಷಯದಲ್ಲಂತೂ ಇನ್ನೂ ಹುಷಾರಾಗಿರಬೇಕು.

ಹಳೇರೀಲು:

ನನ್ನದೊಂದು ಸಲಹೆ. ಬೆಂಕಿಯ ಕಥೆ ಹಾಕಿ. ಫ್ಲಾಹರ್ಟಿ 1913ರಲ್ಲೇ ಕ್ಯಾಮೆರಾ ಕೊಂಡು, ರಾಚೆಸ್ಟರ್‌ನಲ್ಲಿ ಮೂರು ವಾರ ಕಲಿತು, ಉತ್ತರಕ್ಕೆ ಹೋಗಿ ಇನುಯಿಟ್ ಜನರನ್ನು ಚಿತ್ರೀಕರಿಸಿದ್ದರು. 1916ರಲ್ಲಿ ಟೊರಾಂಟೊದಲ್ಲಿ ಅದನ್ನು ಜೋಡಿಸುತ್ತಿದ್ದಾಗ ಕೈಯಲ್ಲಿದ್ದ ಸಿಗರೇಟು ಬಿದ್ದು 30,000 ಅಡಿ ನೆಗೆಟಿವ್ ಸುಟ್ಟುಹೋಯಿತು. ಅವರ ಕೈಗೂ ಸುಟ್ಟಗಾಯ ಆಯಿತು. ಆ ಕಾಲದ ಫಿಲ್ಮ್ ನೈಟ್ರೇಟ್. ಅದಕ್ಕೆ ಒಮ್ಮೆ ಹತ್ತಿಕೊಂಡರೆ ನೀರು ಹಾಕಿದರೂ ಆರುವುದಿಲ್ಲ, ಉರಿಯಲು ಬೇಕಾದ ಆಮ್ಲಜನಕ ಅದರಲ್ಲೇ ಇರುತ್ತದೆ.

30,000 ಅಡಿ ಅಂದರೆ ಎಷ್ಟು ಅಂತ ಅಂದಾಜು ಮಾಡಿ ನೋಡಿ. 35 ಮಿಲಿಮೀಟರ್ ಫಿಲ್ಮಿನಲ್ಲಿ ಅಡಿಗೆ 16 ಚೌಕಟ್ಟು (ಫ್ರೇಮ್). ಮೂಕಿ ಕಾಲದಲ್ಲಿ ಸೆಕೆಂಡಿಗೆ ಸುಮಾರು 16 ಚೌಕಟ್ಟು ಓಡಿಸುತ್ತಿದ್ದರು, ಅಂದರೆ ಸೆಕೆಂಡಿಗೆ ಒಂದು ಅಡಿ. ಎಂಟು ಗಂಟೆಗೂ ಜಾಸ್ತಿ ಹೊತ್ತಿನ ಚಿತ್ರ ಒಂದು ಸಿಗರೇಟಿಗೆ ಹೋಯಿತು. ಇದಕ್ಕಿಂತ ಒಳ್ಳೆ ಹುಕ್ ಬೇಕಾ?

ಮಸಿಕುಡಿಕೆ:

ಓದಿ ಹೊಟ್ಟೆ ಉರಿಯಿತು. ನನ್ನ ಮತ ಇದಕ್ಕೆ.

ಓದುಗಣ್ಣು:

ನನಗೂ ಇಷ್ಟ. ಹೀಗೆ ಬರೆಯಬಹುದಾ: ‘ನನೂಕ್ ಆಫ್ ದ ನಾರ್ತ್ ಚಿತ್ರದ 30,000 ಅಡಿ ನೆಗೆಟಿವ್ ನಿರ್ದೇಶಕರ ಸಿಗರೇಟಿನಿಂದ ಸುಟ್ಟುಹೋಗಿತ್ತು ಎಂಬುದು ನಿಮಗೆ ಗೊತ್ತೇ?’

ಅಡಿಟಿಪ್ಪಣಿ:

ಸ್ವಲ್ಪ ನಿಲ್ಲಿ. ಸುಟ್ಟದ್ದು ಈ ಚಿತ್ರದ ನೆಗೆಟಿವ್ ಅಲ್ಲ. ಅದು 1914, 1915ರಲ್ಲಿ ತೆಗೆದ ಬೇರೆ ಚಿತ್ರ. ಅದರಲ್ಲಿ ನನೂಕ್ ಇಲ್ಲ, ಒಂದು ಕುಟುಂಬದ ಕಥೆ ಇಲ್ಲ. ಫ್ಲಾಹರ್ಟಿಗೆ ಸಂಪಾದನೆಗೆ ಬಳಸಿದ ಒಂದು ಪ್ರತಿ ಉಳಿದಿತ್ತು, ಅದನ್ನು ಅವರು ಕೆಲವರಿಗೆ ತೋರಿಸಿದರು ಕೂಡ, ಆದರೆ ಅವರಿಗೇ ಅದು ಹಿಡಿಸಲಿಲ್ಲ. ಇಲ್ಲಿಷ್ಟು ಅಲ್ಲಿಷ್ಟು ದೃಶ್ಯ, ನಡುವೆ ಎಳೆಯೇ ಇಲ್ಲ ಅನಿಸಿತಂತೆ. ಆಮೇಲೆ ಒಬ್ಬನೇ ಬೇಟೆಗಾರನನ್ನು ಹಿಡಿದು ಕಥೆ ಕಟ್ಟಬೇಕು ಅಂತ ಹೊಳೆದದ್ದು. ನೀವು ಬರೆದ ವಾಕ್ಯದಲ್ಲಿ ‘ಚಿತ್ರದ’ ಎಂಬ ಒಂದು ಪದ ಎಲ್ಲವನ್ನೂ ತಪ್ಪಾಗಿಸುತ್ತದೆ.

ಹಳೇರೀಲು:

ಹೌದು, ನೀವು ಹೇಳಿದ್ದು ಸರಿ, ನಾನೂ ಎರಡನ್ನೂ ಬೆರೆಸಿಬಿಟ್ಟೆ. ‘ಈ ಚಿತ್ರಕ್ಕೆ ಮೊದಲು ತೆಗೆದ’ ಅಂತ ಹಾಕಿದರೆ ಸರಿಯಾಗುತ್ತದೆ, ಆದರೆ ಆಗ ಹುಕ್ ಬೇರೆ ಚಿತ್ರದ ಬಗ್ಗೆ ಆಗುತ್ತದೆ. ಲೇಖನ ಇರುವುದು ಇದರ ಬಗ್ಗೆ.

ಹೊಸಹೆಜ್ಜೆ:

ನಮಸ್ಕಾರ, ನಾನು ಈ ವಿಭಾಗಕ್ಕೆ ಹೊಸಬಳು. ಒಂದು ಪ್ರಶ್ನೆ. ಸುಮ್ನೆ ‘ಜಗತ್ತಿನ ಮೊದಲ ಸಾಕ್ಷ್ಯಚಿತ್ರ’ ಅಂತ ಹಾಕಿದರೆ ಆಗಲ್ವಾ? ಎಲ್ಲ ಕಡೆ ಹಾಗೇ ಓದಿದ್ದೇನೆ. ಎಲ್ಲರಿಗೂ ತಕ್ಷಣ ಅರ್ಥವೂ ಆಗುತ್ತದೆ.

ಓದುಗಣ್ಣು:

ಹೊಸಹೆಜ್ಜೆ ಅವರೇ, ಒಳ್ಳೆ ಪ್ರಶ್ನೆ, ಏಕೆಂದರೆ ನಾನೇ ಈ ತಪ್ಪು ಮಾಡಿ ಪೆಟ್ಟು ತಿಂದಿದ್ದೇನೆ. ಹಿಂದೊಮ್ಮೆ ಬೇರೊಂದು ಲೇಖನಕ್ಕೆ ‘ಮೊದಲ’ ಅಂತ ಹುಕ್ ಬರೆದೆ. ಮುಖಪುಟಕ್ಕೆ ಹೋಗಿ ಎರಡು ಗಂಟೆ ಆಗಿರಲಿಲ್ಲ, ಒಬ್ಬ ಓದುಗರು ಅದಕ್ಕಿಂತ ಹಳೆಯದನ್ನು ತೋರಿಸಿದರು. ಹುಕ್ ತೆಗೆದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಇಲ್ಲೂ ಹಾಗೇ. ಜನರ ದಿನದ ಬದುಕನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಲೂಮಿಯೇರ್ ಸಹೋದರರ ಕಾಲದಿಂದ, 1895ರಿಂದಲೇ ಇದೆ. 1914ರಲ್ಲಿ ಎಡ್ವರ್ಡ್ ಕರ್ಟಿಸ್ ಕೆನಡಾದ ಪಶ್ಚಿಮ ಕರಾವಳಿಯ ಮೂಲನಿವಾಸಿಗಳನ್ನಿಟ್ಟುಕೊಂಡು ಪೂರ್ಣ ಉದ್ದದ ಚಿತ್ರ ಮಾಡಿದ್ದರು. ಹಾಗಾಗಿ ‘ಮೊದಲ’ ಅಂದ ಕೂಡಲೇ ‘ಯಾವ ಅರ್ಥದಲ್ಲಿ ಮೊದಲ?’ ಅಂತ ಕೇಳುವವರು ಹತ್ತು ಜನ ಬರುತ್ತಾರೆ, ಅವರು ಕೇಳುವುದರಲ್ಲಿ ನ್ಯಾಯವೂ ಇದೆ.

ಹಳೇರೀಲು:

ಇನ್ನೊಂದು ವಿಷಯ ಸೇರಿಸುತ್ತೇನೆ. ಈ ಚಿತ್ರ ಬಂದಾಗ ಇಂಗ್ಲಿಷ್‌ನಲ್ಲಿ ‘ಡಾಕ್ಯುಮೆಂಟರಿ’ ಎಂಬ ಮಾತು ಈಗಿನ ಅರ್ಥದಲ್ಲಿ ಬಳಕೆಗೇ ಬಂದಿರಲಿಲ್ಲ. ಅದು ಜನರ ಬಾಯಿಗೆ ಬಂದದ್ದು ಜಾನ್ ಗ್ರಿಯರ್‌ಸನ್ ಅವರಿಂದ. 1926ರಲ್ಲಿ ನ್ಯೂಯಾರ್ಕ್ ಸನ್ ಪತ್ರಿಕೆಯಲ್ಲಿ ಅವರು ಫ್ಲಾಹರ್ಟಿಯ ಮುಂದಿನ ಚಿತ್ರ ‘ಮೊವಾನಾ’ದ ವಿಮರ್ಶೆ ಬರೆದಾಗ ಆ ಪದ ಹಾಕಿದರು. ‘ಸಾಕ್ಷ್ಯಚಿತ್ರಗಳ ತಾಯಿ ಅನಿಸಿಕೊಂಡ ಚಿತ್ರ ಬಂದು ನಾಲ್ಕು ವರ್ಷದ ಮೇಲೆ ಆ ಪದ ಬಂತು’ ಅಂತ ಹುಕ್ ಮಾಡಬಹುದೇನೋ.

ಅಡಿಟಿಪ್ಪಣಿ:

ಕೇಳಲು ಚೆಂದ. ಆದರೆ ಫ್ರೆಂಚ್‌ನಲ್ಲಿ ಆ ಪದ ಅದಕ್ಕೂ ಮೊದಲೇ ಸಿನಿಮಾಕ್ಕೆ ಬಳಕೆಯಲ್ಲಿತ್ತು. ಇದೂ ‘ಮೊದಲ’ ಎಂಬ ಹಳ್ಳಕ್ಕೇ ಬೀಳುತ್ತದೆ. ಅಲ್ಲದೆ ಇದು ಪದದ ಕಥೆ. ಸಿನಿಮಾ ಇತಿಹಾಸ ಓದದವರಿಗೆ ಇದರಲ್ಲಿ ಏನು ಆಶ್ಚರ್ಯ? ನಾವು ಇಟ್ಟುಕೊಂಡಿರುವ ಅಳತೆ ಇಂಗ್ಲಿಷ್ ವಿಕಿಪೀಡಿಯದ್ದೇ ಅಲ್ವಾ: ಆ ವಿಷಯದಲ್ಲಿ ವಿಶೇಷ ಆಸಕ್ತಿ ಇಲ್ಲದವರಿಗೂ ‘ಹೌದಾ?’ ಅನಿಸಬೇಕು.

ಹೊಸಹೆಜ್ಜೆ:

ಅರ್ಥ ಆಯಿತು. ಉಳಿದ ನಿಯಮಗಳನ್ನೂ ಒಮ್ಮೆ ಹೇಳಿಬಿಡಿ. ಎಲ್ಲಿ ಹುಡುಕಿದರೂ ಚೂರು ಚೂರಾಗಿ ಸಿಗುತ್ತಿದೆ.

ಅಡಿಟಿಪ್ಪಣಿ:

ಮುಖ್ಯವಾದದ್ದು ಇಷ್ಟು. ಲೇಖನ ಹೊಸದಾಗಿರಬೇಕು, ಇಲ್ಲವೇ ಐದು ಪಟ್ಟು ಬೆಳೆದಿರಬೇಕು, ಅದೂ ಕಳೆದ ಏಳು ದಿನದೊಳಗೆ. ಹುಕ್ 200 ಅಕ್ಷರ ದಾಟಬಾರದು. ಹುಕ್‌ನಲ್ಲಿರುವ ಸಂಗತಿ ಲೇಖನದಲ್ಲೂ ಇರಬೇಕು, ಆ ವಾಕ್ಯದ ಕೊನೆಯಲ್ಲೇ ಉಲ್ಲೇಖ ಇರಬೇಕು. ಪ್ಯಾರಾದ ಕೊನೆಯಲ್ಲಿ ಒಂದು ಹಾಕಿ ಎಲ್ಲಕ್ಕೂ ಅದೇ ಅನ್ನುವ ಹಾಗಿಲ್ಲ. ಹಲವು ಸಲ ಪ್ರಸ್ತಾಪ ಮಾಡಿದವರು, ತಮ್ಮದನ್ನು ಕೊಡುವಾಗ ಇನ್ನೊಬ್ಬರದನ್ನು ಪರಿಶೀಲಿಸಬೇಕು.

ಕನ್ನಡದಲ್ಲಿ 200ರ ಲೆಕ್ಕ ಸ್ವಲ್ಪ ಬೇರೆ. ಕಂಪ್ಯೂಟರ್ ಒತ್ತು, ಗುಣಿತ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಅದರ ಲೆಕ್ಕದಲ್ಲಿ ಆರು. ಹಾಗಾಗಿ ಕನ್ನಡದ ಹುಕ್ ಬೇಗ ಉದ್ದ ಆಗುತ್ತದೆ, ಪದ ಉಳಿಸಿ ಬರೆಯಬೇಕು.

ಮಸಿಕುಡಿಕೆ:

ಬೇಟೆಯ ದೃಶ್ಯಗಳಲ್ಲಿ ಏನೂ ಇಲ್ವಾ? ನನಗೆ ನೆನಪಿರುವುದು ವಾಲ್ರಸ್ ಎಳೆಯುವ ದೃಶ್ಯ. ಕಡಲ ದಡದಲ್ಲಿ ಐದಾರು ಜನ ಹಗ್ಗ ಹಿಡಿದು ಜಗ್ಗುತ್ತಿರುತ್ತಾರೆ, ಆ ಪ್ರಾಣಿ ಅವರನ್ನೇ ನೀರಿಗೆ ಎಳೆಯುವ ಹಾಗೆ ಕಾಣುತ್ತದೆ.

ಓದುಗಣ್ಣು:

ಇದೆ, ಅದು ತುಂಬಾ ದೊಡ್ಡ ಕಥೆ. ಆ ಹೊತ್ತಿಗೆ ಇನುಯಿಟ್ ಬೇಟೆಗಾರರ ಬಳಿ ಬಂದೂಕು ಇತ್ತು. ಫ್ಲಾಹರ್ಟಿಗೆ ಬೇಕಾಗಿದ್ದದ್ದು ಅವರ ಅಜ್ಜಂದಿರ ಕಾಲದ ಬೇಟೆ, ಹಾಗಾಗಿ ಈಟಿಯಲ್ಲೇ ಮಾಡಿ ಅಂದರು. ಬೇಟೆ ಕೈತಪ್ಪಿದರೂ ಚಿತ್ರವೇ ಮುಖ್ಯ, ಒಪ್ಪಿಗೆಯಾ ಅಂತ ಮೊದಲೇ ಕೇಳಿದ್ದರು. ಬೇಟೆಗಾರ ಒಪ್ಪಿದ್ದರು. ಆಮೇಲೆ ವಾಲ್ರಸ್ ಎಳೆದಾಡುವಾಗ ಅವರು ಬಂದೂಕು ಹಾರಿಸಿ ಅಂತ ಕೂಗಿದರು, ಫ್ಲಾಹರ್ಟಿ ಕೇಳಿಸದವರ ಹಾಗೆ ಕ್ಯಾಮೆರಾದ ಹಿಡಿ ತಿರುಗಿಸುತ್ತಲೇ ಇದ್ದರು. ಇದನ್ನು ಅವರೇ ಹೇಳಿಕೊಂಡಿದ್ದಾರೆ.

ಸೀಲ್ ಬೇಟೆಯೂ ಹಾಗೇ. ನನೂಕ್ ಹಿಮದ ತೂತಿನ ಹತ್ತಿರ ಹಗ್ಗ ಹಿಡಿದು ಬೀಳುತ್ತಾ ಏಳುತ್ತಾ ಇರುತ್ತಾನೆ. ಹಗ್ಗದ ಇನ್ನೊಂದು ತುದಿ ಚೌಕಟ್ಟಿನ ಆಚೆ ಇದ್ದವರ ಕೈಯಲ್ಲಿತ್ತು, ಸೀಲ್ ಮೊದಲೇ ಸತ್ತಿತ್ತು ಅಂತ ಚಿತ್ರವನ್ನು ಹತ್ತಿರದಿಂದ ನೋಡಿದವರು ಬರೆದಿದ್ದಾರೆ.

ಮಸಿಕುಡಿಕೆ:

ಹಾಗಾದರೆ ‘ಈ ಸಾಕ್ಷ್ಯಚಿತ್ರ ಸುಳ್ಳು’ ಅಂತಲೇ ಹುಕ್ ಮಾಡಿ! ಜನ ಓಡಿಬರುತ್ತಾರೆ.

ಓದುಗಣ್ಣು:

ಅದು ಮಾತ್ರ ಬೇಡ. ನಾನು ಈ ಲೇಖನ ಬರೆಯಲು ಕೂತದ್ದೇ ಆ ಮಾತಿನಿಂದ ಬೇಜಾರಾಗಿ. ಚಿತ್ರವನ್ನು ಮೂರು ಸಲ ನೋಡಿದೆ. ಅಲ್ಲಿರುವ ಜನ ಸುಳ್ಳಲ್ಲ. ಚಳಿ ಸುಳ್ಳಲ್ಲ. ಅವರ ಕೈಕೆಲಸ ಸುಳ್ಳಲ್ಲ. ಹಿಂದೆ ಹೀಗೆ ಮಾಡುತ್ತಿದ್ದೆವು ಅಂತ ಅವರೇ ಕ್ಯಾಮೆರಾಕ್ಕೆ ಮಾಡಿ ತೋರಿಸಿದ್ದಾರೆ. ಅಲ್ಲಿ ಕ್ಯಾಮೆರಾ ರಿಪೇರಿಯಿಂದ ಹಿಡಿದು ಫಿಲ್ಮ್ ತೊಳೆಯಲು ನೀರು ಹೊರುವವರೆಗೆ ಕೆಲಸ ಮಾಡಿದ್ದು ಇನುಯಿಟ್ ಜನರೇ. ಫ್ಲಾಹರ್ಟಿ ಅಲ್ಲೇ ಫಿಲ್ಮ್ ತೊಳೆದು, ಅವರಿಗೇ ಪರದೆಯ ಮೇಲೆ ತೋರಿಸಿ, ಮುಂದೇನು ತೆಗೆಯೋಣ ಅಂತ ಅವರ ಜೊತೆ ಕೂತು ಯೋಚಿಸುತ್ತಿದ್ದರು. ‘ಸುಳ್ಳು’ ಅಂದರೆ ಅವರೆಲ್ಲರ ದುಡಿಮೆ ಅಳಿಸಿದ ಹಾಗೆ.

ಮಸಿಕುಡಿಕೆ:

ಕ್ಷಮಿಸಿ, ಅವಸರದಲ್ಲಿ ಬರೆದೆ. ನೀವು ಹೇಳಿದ ಮೇಲೆ ಒಪ್ಪುತ್ತೇನೆ.

ಅಡಿಟಿಪ್ಪಣಿ:

ನನ್ನದೊಂದು ಆಕ್ಷೇಪ, ಹುಕ್‌ಗೂ ಲೇಖನಕ್ಕೂ ಸೇರಿ. ಲೇಖನದಲ್ಲಿ ಫ್ಲಾಹರ್ಟಿ ‘ಅವರು’, ‘ಹೋದರು’, ‘ತೆಗೆದರು’. ಬೇಟೆಗಾರ ಮಾತ್ರ ‘ಅವನು’, ‘ಸತ್ತ’. ಇಂಗ್ಲಿಷ್‌ನಲ್ಲಿ ಇಬ್ಬರಿಗೂ ಒಂದೇ ಪದ, ಅಲ್ಲಿ ಈ ತೊಂದರೆ ಕಾಣುವುದಿಲ್ಲ. ಕನ್ನಡದಲ್ಲಿ ಎದ್ದು ಕಾಣುತ್ತದೆ. ಒಬ್ಬರಿಗೆ ಮರ್ಯಾದೆ, ಇನ್ನೊಬ್ಬರಿಗೆ ಏಕವಚನ ಯಾಕೆ?

ಓದುಗಣ್ಣು:

ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ನಾಚಿಕೆ ಆಯಿತು. ಚಿತ್ರದ ಕಥೆ ಹೇಳುವಾಗ ನನೂಕ್ ಎಂಬ ಪಾತ್ರಕ್ಕೆ ‘ಅವನು’ ಇರಲಿ, ಕಥೆಗಳಲ್ಲಿ ನಾವು ಹಾಗೇ ಬರೆಯುತ್ತೇವೆ. ಆದರೆ ನಿಜವಾದ ವ್ಯಕ್ತಿಗೆ ಎಲ್ಲ ಕಡೆ ‘ಅವರು’ ಅಂತ ಈಗಲೇ ತಿದ್ದುತ್ತೇನೆ.

ಓದುಗಣ್ಣು:

ತಿದ್ದಿದೆ. ಹದಿನಾಲ್ಕು ಕಡೆ ಇತ್ತು. ತಿದ್ದುವಾಗ ಇನ್ನೊಂದು ವಿಷಯ ಹೊಳೆಯಿತು. ಅವರ ಹೆಸರು ನನೂಕ್ ಅಲ್ಲವೇ ಅಲ್ಲ, ಅಲ್ಲಕರಿಯಲ್ಲಕ್. ನನೂಕ್ ಅಂದರೆ ಅವರ ಭಾಷೆ ಇನುಕ್ಟಿಟುಟ್‌ನಲ್ಲಿ ಹಿಮಕರಡಿ. ಜಗತ್ತೆಲ್ಲ ಅವರ ಮುಖ ನೋಡಿದೆ, ಹೆಸರು ಗೊತ್ತಿಲ್ಲ. ಇದನ್ನೇ ಹುಕ್ ಮಾಡೋಣವಾ: ‘ನನೂಕ್ ಆಫ್ ದ ನಾರ್ತ್ ಚಿತ್ರದ ನನೂಕ್ ಅವರ ನಿಜವಾದ ಹೆಸರು ಅಲ್ಲಕರಿಯಲ್ಲಕ್ ಎಂಬುದು ನಿಮಗೆ ಗೊತ್ತೇ?’

ಹಳೇರೀಲು:

ಸಂಗತಿ ಮುಖ್ಯವಾದದ್ದು. ಆದರೆ ಹುಕ್ ಆಗಿ ಸಪ್ಪೆ. ಚಿತ್ರದಲ್ಲಿ ನಟರಿಗೆ ಬೇರೆ ಹೆಸರು ಇರುವುದು ಯಾರಿಗೂ ಹೊಸದಲ್ಲ. ಸಾಕ್ಷ್ಯಚಿತ್ರದಲ್ಲಿ ಹಾಗಿರುವುದು ವಿಚಿತ್ರ ಅಂತ ಗೊತ್ತಾಗಲು ಇನ್ನೂ ಒಂದು ವಾಕ್ಯ ಬೇಕು.

ಮಸಿಕುಡಿಕೆ:

ಹೆಂಡತಿಯ ಪಾತ್ರ? ಆಕೆ ನಿಜವಾದ ಹೆಂಡತಿ ಅಲ್ಲ ಅಂತ ಓದಿದ ನೆನಪು.

ಅಡಿಟಿಪ್ಪಣಿ:

ಅಲ್ಲ, ನಿಜ. ಆದರೆ ಆ ಪಾತ್ರ ಮಾಡಿದವರ ಹೆಸರನ್ನು ಒಂದು ಪುಸ್ತಕ ಒಂದು ಹೇಳಿದರೆ ಇನ್ನೊಂದು ಪುಸ್ತಕ ಬೇರೆ ಹೇಳುತ್ತದೆ. ಜೊತೆಗೆ ಅವರ ಖಾಸಗಿ ಬದುಕಿನ ಮಾತು ಬರುತ್ತದೆ. ಮುಖಪುಟದ ಒಂದು ಸಾಲಿನಲ್ಲಿ ಅದನ್ನು ಎಳೆದು ತರುವುದು ಬೇಡ. ಲೇಖನದ ಒಳಗೆ ಜಾಗ ಇದೆ, ಅಲ್ಲಿ ಬಿಡಿಸಿ ಹೇಳಬಹುದು.

ಹೊಸಹೆಜ್ಜೆ:

ನಾನು ನಿನ್ನೆ ರಾತ್ರಿ ಚಿತ್ರ ನೋಡಿದೆ, 79 ನಿಮಿಷ. ನೀವೆಲ್ಲ ಸಾವು, ಬೆಂಕಿ, ಬೇಟೆ ಅಂತ ಮಾತಾಡುತ್ತಿದ್ದೀರಿ. ನನಗೆ ಹಿಡಿಸಿದ್ದು ಇಗ್ಲೂ ಕಟ್ಟುವ ದೃಶ್ಯ. ವಾಲ್ರಸ್ ದಂತದ ಚಾಕು. ಅದನ್ನು ನಾಲಿಗೆಯಿಂದ ನೆಕ್ಕುತ್ತಾರೆ, ಎಂಜಲು ಹೆಪ್ಪುಗಟ್ಟಿ ಅಲಗು ನುಣುಪಾಗುತ್ತದೆ. ಆಮೇಲೆ ಹಿಮದ ಇಟ್ಟಿಗೆಗಳನ್ನು ಬೆಣ್ಣೆ ಕೊಯ್ದ ಹಾಗೆ ಕೊಯ್ದು ಸುತ್ತ ಜೋಡಿಸುತ್ತಾ ತಾವು ಒಳಗೇ ಉಳಿಯುತ್ತಾರೆ, ಕೊನೆಗೆ ಗೋಡೆ ಕೊರೆದು ನಗುತ್ತಾ ಹೊರಗೆ ಬರುತ್ತಾರೆ. ಮುಗಿಯಿತು ಅಂದುಕೊಂಡೆ. ಆಗ ಹೋಗಿ ಗಾಜಿನ ಹಾಗಿರುವ ಒಂದು ಮಂಜುಗಡ್ಡೆಯ ಹಲಗೆ ತಂದು, ಗೋಡೆಯಲ್ಲಿ ಅದೇ ಅಳತೆಗೆ ಕಂಡಿ ಕೊಯ್ದು, ಕಿಟಕಿಯಾಗಿ ಕೂರಿಸುತ್ತಾರೆ. ಅಷ್ಟಕ್ಕೂ ಬಿಡದೆ, ಆ ಕಿಟಕಿಯ ಪಕ್ಕ ಹಿಮದ ಒಂದು ಇಟ್ಟಿಗೆ ನಿಲ್ಲಿಸುತ್ತಾರೆ. ಯಾಕೆ ಅಂತ ಮೊದಲು ಗೊತ್ತಾಗಲಿಲ್ಲ. ಬಿಸಿಲು ಅದಕ್ಕೆ ತಾಗಿ ಒಳಗೆ ತಿರುಗಲಿ ಅಂತ!

ನಾನು ಆ ಜಾಗದಲ್ಲಿ ನಿಲ್ಲಿಸಿ ಮತ್ತೆ ನೋಡಿದೆ. ಇದರಲ್ಲಿ ಹುಕ್ ಇಲ್ವಾ?

ಓದುಗಣ್ಣು:

ಹೊಸಹೆಜ್ಜೆ ಅವರೇ, ಇದೆ. ನನ್ನ ಕೈಯಲ್ಲೇ ಇತ್ತು, ನೋಡಿಯೇ ಇರಲಿಲ್ಲ.

ಆ ಕಿಟಕಿ ಮನೆಗೆ ಸಾಕು. ಕ್ಯಾಮೆರಾಕ್ಕೆ ಸಾಲಲಿಲ್ಲ. ಫ್ಲಾಹರ್ಟಿ ಬರೆದಿರುವ ಪ್ರಕಾರ ಮಾಮೂಲಿ ಇಗ್ಲೂ ಸುಮಾರು 12 ಅಡಿ ಅಗಲ, ಒಳಗೆ ಕ್ಯಾಮೆರಾ ಇಟ್ಟು ತೆಗೆಯಲು ಆಗದು. ಹಾಗಾಗಿ 25 ಅಡಿ ಅಗಲದ್ದು ಕಟ್ಟಿ ಅಂತ ಕೇಳಿದರು. ಅಲ್ಲಕರಿಯಲ್ಲಕ್ ಮತ್ತು ಜೊತೆಗಾರರು ತಮ್ಮ ಬದುಕಿನಲ್ಲೇ ಅಷ್ಟು ದೊಡ್ಡದು ಕಟ್ಟಿರಲಿಲ್ಲ. ಗುಮ್ಮಟ ಕುಸಿಯಿತು, ಮತ್ತೆ ಕಟ್ಟಿದರು. ಕೊನೆಗೆ ನಿಂತಿತು. ಮಂಜುಗಡ್ಡೆಯ ಕಿಟಕಿಗಳನ್ನೂ ಇಟ್ಟರು. ಆದರೂ ಒಳಗೆ ಬೆಳಕು ಸಾಲಲಿಲ್ಲ. ಆಗ ಗುಮ್ಮಟದ ಅರ್ಧ ಭಾಗವನ್ನೇ ಕಡಿದು ತೆಗೆದರು. ನಾವು ನೋಡುವ ಮಲಗುವ ದೃಶ್ಯ, ಏಳುವ ದೃಶ್ಯ ಎಲ್ಲ ಆ ಅರ್ಧ ಮನೆಯಲ್ಲಿ. ಹೊರಗಿನ ಚಳಿ ನೇರ ಮೈಮೇಲೆ ಬರುತ್ತಿತ್ತು, ಅದರಲ್ಲೇ ಅವರು ಬಟ್ಟೆ ಬಿಚ್ಚಿ ತುಪ್ಪಳದ ಹೊದಿಕೆಯೊಳಗೆ ಸೇರಬೇಕಿತ್ತು.

ಅಡಿಟಿಪ್ಪಣಿ:

ಇದು ಸಿಕ್ಕಿತು. ನಿರ್ದೇಶಕರೇ ಹೇಳಿಕೊಂಡದ್ದು, ಆಮೇಲೆ ಬರೆದವರೂ ತಳ್ಳಿಹಾಕಿಲ್ಲ. ಯಾರ ಸಾವಿಗೂ ಸಂಬಂಧ ಇಲ್ಲ, ‘ಮೊದಲ’ ಇಲ್ಲ. ಇಗ್ಲೂ ಅಂದರೆ ಏನು ಅಂತ ಎಲ್ಲರಿಗೂ ಗೊತ್ತು, ಸಿನಿಮಾ ಗೊತ್ತಿರಬೇಕಿಲ್ಲ. ಸಾಕ್ಷ್ಯಚಿತ್ರ ಅಂದರೆ ಎಷ್ಟು ನಿಜ ಅನ್ನುವ ಪ್ರಶ್ನೆಯೂ ತಾನಾಗಿ ಏಳುತ್ತದೆ, ನಾವು ‘ಸುಳ್ಳು’ ಎಂಬ ಪದ ಹಾಕದೆಯೇ. ವಾಕ್ಯ ಬರೆಯಿರಿ.

ಓದುಗಣ್ಣು:

‘1922ರ ಸಾಕ್ಷ್ಯಚಿತ್ರ ನನೂಕ್ ಆಫ್ ದ ನಾರ್ತ್‌ನಲ್ಲಿ ಇಗ್ಲೂ ಒಳಗಿನ ದೃಶ್ಯಗಳನ್ನು ತೆಗೆಯಲು ಬೆಳಕು ಸಾಲದ ಕಾರಣ ಇಗ್ಲೂವಿನ ಅರ್ಧ ಗುಮ್ಮಟವನ್ನು ಕತ್ತರಿಸಿ ತೆಗೆಯಲಾಗಿತ್ತು ಎಂಬುದು ನಿಮಗೆ ಗೊತ್ತೇ?’

ಹಳೇರೀಲು:

ಸರಿ ಇದೆ, ಆದರೆ ವರದಿ ಓದಿದ ಹಾಗಿದೆ. ‘ತೆಗೆಯಲು’, ‘ತೆಗೆಯಲಾಗಿತ್ತು’ ಎರಡು ಸಲ. ಎಲ್ಲಕ್ಕಿಂತ ಮುಖ್ಯ, ಕಾರಣವನ್ನು ನೀವೇ ಹೇಳಿಬಿಟ್ಟಿದ್ದೀರಿ. ಅರ್ಧ ಗುಮ್ಮಟ ಇರಲಿಲ್ಲ ಅಂತ ಹೇಳಿ, ಯಾಕೆ ಅಂತ ಹೇಳಬೇಡಿ. ಯಾಕೆ ಅಂತ ತಿಳಿಯಲು ತಾನೇ ಜನ ಲೇಖನಕ್ಕೆ ಬರುವುದು?

ಹೊಸಹೆಜ್ಜೆ:

ಕನ್ನಡದಲ್ಲಿ ಇನ್ನೊಂದು ಅನುಕೂಲ ಇದೆ ಅನಿಸುತ್ತದೆ. ಇಂಗ್ಲಿಷ್‌ನಲ್ಲಿ ‘ಗೊತ್ತೇ’ ಮೊದಲೇ ಬಂದುಬಿಡುತ್ತದೆ. ನಮ್ಮಲ್ಲಿ ಕೊನೆಗೆ. ಹಾಗಾಗಿ ಆಶ್ಚರ್ಯದ ಮಾತು ‘ಎಂಬುದು’ ಅನ್ನುವುದಕ್ಕೆ ಅಂಟಿಕೊಂಡೇ ಬಂದರೆ ಚೆನ್ನಾಗಿ ಕೂರುತ್ತದೆ. ಮೊದಲರ್ಧ ಮಾಮೂಲಿ ಇರಲಿ, ಕೊನೆಯಲ್ಲಿ ತಿರುವು ಬರಲಿ.

ಓದುಗಣ್ಣು:

ಇಬ್ಬರ ಮಾತನ್ನೂ ಸೇರಿಸಿ ಮತ್ತೆ ಬರೆದೆ. ಹೆಸರನ್ನೂ ಬಿಡಲು ಮನಸ್ಸು ಬರಲಿಲ್ಲ:

‘1922ರ ಸಾಕ್ಷ್ಯಚಿತ್ರ ನನೂಕ್ ಆಫ್ ದ ನಾರ್ತ್‌ನಲ್ಲಿ ಅಲ್ಲಕರಿಯಲ್ಲಕ್ ಮಲಗಿ ಏಳುವ ಇಗ್ಲೂಗೆ ಅರ್ಧ ಗುಮ್ಮಟವೇ ಇರಲಿಲ್ಲ ಎಂಬುದು ನಿಮಗೆ ಗೊತ್ತೇ?’

ಕಂಪ್ಯೂಟರ್ ಲೆಕ್ಕದಲ್ಲೂ 150 ದಾಟಿಲ್ಲ.

ಮಸಿಕುಡಿಕೆ:

ಅಲ್ಲಕರಿಯಲ್ಲಕ್ ಯಾರು ಅಂತ ಓದುಗರಿಗೆ ಗೊತ್ತಾಗುತ್ತಾ? ‘ನನೂಕ್’ ಅಂತಲೇ ಹಾಕಿದರೆ ಶೀರ್ಷಿಕೆಗೂ ಹೊಂದುತ್ತದೆ.

ಓದುಗಣ್ಣು:

ಗೊತ್ತಾಗದಿದ್ದರೂ ಅರ್ಥ ಕೆಡುವುದಿಲ್ಲ. ಮಲಗಿ ಏಳುವ ಒಬ್ಬ ಮನುಷ್ಯ ಅಂತ ಗೊತ್ತಾದರೆ ಸಾಕು. ಶೀರ್ಷಿಕೆಯಲ್ಲಿ ನನೂಕ್ ಹೇಗೂ ಇದೆ. ಆ ಮನೆ ಕಟ್ಟಿದ್ದು, ಅದರ ಚಳಿಯಲ್ಲಿ ಮಲಗಿದ್ದು ಅಲ್ಲಕರಿಯಲ್ಲಕ್. ನೂರು ವರ್ಷ ದಾಟಿದೆ. ಒಂದು ದಿನವಾದರೂ ಮುಖಪುಟದಲ್ಲಿ ಅವರ ಸ್ವಂತ ಹೆಸರು ಇರಲಿ ಅಂತ ನನ್ನ ಆಸೆ. ದಯವಿಟ್ಟು ಅದನ್ನು ತೆಗೆಯಬೇಡಿ.

ಅಡಿಟಿಪ್ಪಣಿ:

ಹೆಸರು ಇರಲಿ. ನನ್ನ ಒಪ್ಪಿಗೆ ಇದೆ. ಎರಡು ಸಣ್ಣ ಕೆಲಸ ಬಾಕಿ. ಲೇಖನದಲ್ಲಿ ‘ಅರ್ಧ ಭಾಗ ಕಡಿದರು’ ಎಂಬ ವಾಕ್ಯದ ಉಲ್ಲೇಖ ಪ್ಯಾರಾದ ಕೊನೆಯಲ್ಲಿದೆ, ಅದನ್ನು ಆ ವಾಕ್ಯದ ಕೊನೆಗೇ ತನ್ನಿ. ಇನ್ನು ಒಂದು ಕಡೆ ‘ಎಸ್ಕಿಮೋ’ ಉಳಿದಿದೆ. ಹಳೆಯ ಬರಹದಿಂದ ಎತ್ತಿದ ಮಾತಾದರೆ ಉದ್ಧರಣ ಚಿಹ್ನೆ ಹಾಕಿ, ಇಲ್ಲವಾದರೆ ‘ಇನುಯಿಟ್’ ಮಾಡಿ. ಒಬ್ಬರ ಬಗ್ಗೆ ಹೇಳುವಾಗ ‘ಇನುಕ್’.

ಹಳೇರೀಲು:

ಒಂದು ಫೋಟೋವೂ ಜೊತೆಗೆ ಹೋಗಲಿ. ಸಿನಿಮಾ 1922ರದ್ದು, ಅಮೆರಿಕದಲ್ಲಿ ಹಕ್ಕುಸ್ವಾಮ್ಯ ಮುಗಿದಿದೆ. ಈಟಿ ಎತ್ತಿ ಹಿಡಿದು ನಿಂತಿರುವ ಪ್ರಸಿದ್ಧ ಚಿತ್ರ ಬೇಡ, ಹುಕ್‌ಗೆ ಹೊಂದುವುದಿಲ್ಲ. ಇಗ್ಲೂ ಕಟ್ಟುವಾಗಿನ ಒಂದು ಚೌಕಟ್ಟು ಹಾಕಿ. ಮುಖಪುಟದಲ್ಲಿ ಬೆರಳುದ್ದ ಕಾಣುತ್ತದೆ, ಅಷ್ಟರಲ್ಲೂ ಗುಮ್ಮಟದ ಆಕಾರ ಗುರುತು ಸಿಗಬೇಕು.

ಓದುಗಣ್ಣು:

ಮೂರೂ ಆಯಿತು. ಉಲ್ಲೇಖ ಸರಿಸಿದೆ, ‘ಎಸ್ಕಿಮೋ’ ತಿದ್ದಿದೆ. ಹೊಸಹೆಜ್ಜೆ ಅವರು ಹೇಳಿದ, ಕಿಟಕಿಯ ಪಕ್ಕ ಹಿಮದ ಇಟ್ಟಿಗೆ ನಿಲ್ಲಿಸುವ ಚೌಕಟ್ಟನ್ನೇ ಚಿತ್ರವಾಗಿ ಹಾಕಿದ್ದೇನೆ. ಆ ಇಟ್ಟಿಗೆಯ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ, ಈಗ ಸೇರಿಸಿದೆ. ಪ್ರಸ್ತಾಪದಲ್ಲಿ ನನ್ನ ಹೆಸರಿನ ಜೊತೆ ಅವರ ಹೆಸರನ್ನೂ ಹಾಕಿದ್ದೇನೆ.

ಹೊಸಹೆಜ್ಜೆ:

ತುಂಬಾ ಖುಷಿ ಆಯಿತು. ಚಿತ್ರದ ಅಡಿಬರಹದಲ್ಲಿ ‘ಅಲ್ಲಕರಿಯಲ್ಲಕ’ ಅಂತಾಗಿದೆ, ಕೊನೆಯಲ್ಲಿ ‘ಕ್’ ಬದಲು ‘ಕ’ ಬಂದಿದೆ. ಮುಖಪುಟಕ್ಕೆ ಹೋಗುವ ಮೊದಲು ಸರಿಮಾಡಿ.

ಓದುಗಣ್ಣು:

ಸರಿಮಾಡಿದೆ. ಅಲ್ಲಕರಿಯಲ್ಲಕ್.